ತೊಟ್ಟಿಯೊಳಗೆ ನಿಂತ ಬೆಥಿಯಾ ಕೇರ್ಡ್

ಇಸ್ತ್ರಿ ಮಾಡುವವಳನ್ನು ಕಟ್ಟಿಕೊಂಡವನಿಗೆ ಬೇರೆ ಆಸ್ತಿ ಬೇಕಿಲ್ಲ ಎಂದು ಕೆನ್ಸಲ್ ನ್ಯೂ ಟೌನಿನ ಗಂಡಸರು ಹೇಳಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ಕಾಲುವೆಗೂ ಗ್ಯಾಸ್ ಕಾರ್ಖಾನೆಗೂ ನಡುವೆ ಸಿಕ್ಕಿಕೊಂಡಿದ್ದ ನಮ್ಮ ನಾಲ್ಕಾರು ಬೀದಿಗಳಿಗೆ ಅರ್ಧ ಲಂಡನ್ನಿನ ಕೊಳೆ ಬಟ್ಟೆ ಬಂದು ಬೀಳುತ್ತಿತ್ತು. ಹೆಂಗಸರು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಮನೆ ನಡೆಸುತ್ತಿದ್ದರು. ಗಂಡಸರು ಹೆಂಡದಂಗಡಿಯ ಬಾಗಿಲಿಗೆ ಒರಗಿ ಕಾಲುವೆಯಲ್ಲಿ ಹೋಗುವ ದೋಣಿ ನೋಡುತ್ತಿದ್ದರು. ನನ್ನ ಗಂಡ ಆಲ್ಫನೂ ಅವರಲ್ಲೊಬ್ಬ. ನಾನು ಲವಿನಿಯಾ ಸ್ಪರ್ಲ್, ಎಲ್ಲರ ಬಾಯಲ್ಲಿ ವಿನಿ. ಪರ್ಕಿಸಮ್ಮನ ಲಾಂಡ್ರಿಯಲ್ಲಿ ಹನ್ನೆರಡು ವರ್ಷ ಇಸ್ತ್ರಿ ಹಿಡಿದವಳು. ನಾನು ತೀಡಿದ ಅಂಗಿಯ ಎದೆಯ ಮೇಲೆ ನೊಣ ಕೂತರೆ ಜಾರಬೇಕು, ಅಂಥ ಕೈ.

ಹೇಳಹೊರಟಿರುವುದು ನನ್ನ ಕಥೆಯಲ್ಲ, ಬೆಥಿಯಾ ಕೇರ್ಡಳದು. ಅವಳು ನಮ್ಮಲ್ಲಿಗೆ ಬಂದದ್ದು ೧೮೭೯ರ ಚಳಿಗಾಲದಲ್ಲಿ. ಐವತ್ತು ದಾಟಿತ್ತು. ಸ್ಕಾಟ್ಲೆಂಡಿನ ಪರ್ತ್ ಸೀಮೆಯ ಗುಡ್ಡದ ಊರಿನವಳು. ರೈಲು ಹಳಿ ಹಾಸುವ ಕೆಲಸಕ್ಕೆ ಹೊರಟ ಗಂಡನ ಹಿಂದೆ ಲಂಡನ್ನಿಗೆ ಬಂದಿದ್ದಳು. ಗಂಡ ಎದೆಯಲ್ಲಿ ಕಫ ಕಟ್ಟಿ ಎಂಟೇ ದಿನದಲ್ಲಿ ಹೋದ. ಮಕ್ಕಳಿರಲಿಲ್ಲ, ಊರಿನಲ್ಲಿ ಕರೆಯುವವರೂ ಉಳಿದಿರಲಿಲ್ಲ. ಮಣ್ಣು ಮಾಡಿದ ಮರುವಾರ ಪರ್ಕಿಸಮ್ಮನ ಬಾಗಿಲಿಗೆ ಬಂದವಳು ಕೆಲಸ ಇದೆಯೇ ಎಂದು ಕೇಳಲಿಲ್ಲ. “ಒಗಿಯೋ ಮನಿ ಎಲ್ಲೈತ್ರಿ?” ಎಂದು ಕೇಳಿದಳು.

ಎತ್ತರದ ಹೆಂಗಸು. ಅಗಲವಾದ ಹೆಗಲು, ಕೆಂಪು ಮುಂಗೈ, ಮೊಳಕಾಲ ಕೆಳಗೆ ಓಕ್ ಮರದ ಬೊಡ್ಡೆಯಂಥ ಕಾಲು. ಮೊದಲ ದಿನ ಅವಳ ಪಾಲಿಗೆ ಕಂಬಳಿಗಳ ರಾಶಿ ಬಿತ್ತು. ಕಂಬಳಿಯೆಂದರೆ ನಾವೆಲ್ಲ ಬಾನಿಯಲ್ಲಿ ನೆನೆಹಾಕಿ ಉದ್ದನೆಯ ಕೋಲಿನಿಂದ ಕುಟ್ಟುತ್ತಿದ್ದೆವು. ಸಂಜೆಯ ಹೊತ್ತಿಗೆ ರಟ್ಟೆ ಬಿದ್ದುಹೋಗುತ್ತಿತ್ತು. ಬೆಥಿಯಾ ಕೋಲನ್ನು ಒಮ್ಮೆ ನೋಡಿ ಗೋಡೆಗೆ ಒರಗಿಸಿದಳು. ಬೂಟು ಬಿಚ್ಚಿದಳು, ಕಾಲುಚೀಲ ಬಿಚ್ಚಿದಳು, ಲಂಗವನ್ನು ಮೊಳಕಾಲಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಬಾನಿಯೊಳಗೆ ಇಳಿದೇಬಿಟ್ಟಳು. ಒಂದು ಕಾಲು ಎತ್ತಿ ಇನ್ನೊಂದು ಊರುತ್ತಾ, ಹಿಮ್ಮಡಿಯಲ್ಲಿ ಒತ್ತಿ ಬೆರಳಲ್ಲಿ ತಿರುವುತ್ತಾ, ಬಾಯಲ್ಲಿ ತನ್ನ ಊರಿನ ಕೀರ್ತನೆ ಹೇಳುತ್ತಾ ತುಳಿದಳು. ಅರ್ಧ ಗಂಟೆಯಲ್ಲಿ ನಾಲ್ಕು ಕಂಬಳಿ ಆಚೆ ಬಂದವು.

ಪರ್ಕಿಸಮ್ಮ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಳು. “ಏನಮ್ಮ ಇದು? ಬಟ್ಟೆ ಒಗೀತಿದ್ದೀಯೋ ಹೆಂಡಕ್ಕೆ ದ್ರಾಕ್ಷಿ ತುಳೀತಿದ್ದೀಯೋ?”

“ನಮ್ಮ ಕಡೆ ಕಂಬಳಿಗೆ ಕೈ ಹಚ್ಚೂದಿಲ್ರಿ. ಕೈ ಇರೋದು ಊಟಕ್ಕ, ಪ್ರಾರ್ಥನೆಗೆ.”

“ಗಿರಾಕಿಗಳಿಗೆ ಗೊತ್ತಾದ್ರೆ ಅಸಹ್ಯ ಪಡ್ತಾರೆ.”

“ಗಿರಾಕಿಗೋಳು ಆ ಕಂಬಳಿಯೊಳಗ ಏನೇನು ಮಾಡಿ ಕಳಿಸ್ತಾರ ಅನ್ನೋದು ನನಗೂ ಗೊತ್ತೈತ್ರಿ,” ಎಂದಳು ಬೆಥಿಯಾ. ಒಗೆಯುವ ಮನೆಯ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಕಂಬಳಿ ಅವಳದೇ ಆಯಿತು. ನಾವು ಬೆಳಿಗ್ಗೆ ರೊಟ್ಟಿಗೆ ಕೊಬ್ಬು ಹಚ್ಚಿಕೊಂಡು ತಿನ್ನುತ್ತಿದ್ದರೆ ಅವಳು ಓಟ್ಸ್ ಗಂಜಿ ಕುಡಿಯುತ್ತಿದ್ದಳು. “ನಿಮ್ಮ ಗಂಜಿ ಕಾಲರಿಗೆ, ನಮ್ಮ ಗಂಜಿ ಹೊಟ್ಟಿಗೆ” ಎನ್ನುವಳು. ಅವಳ ಮಾತಿಗೆ ಮರುಮಾತು ಹುಡುಕುವಷ್ಟರಲ್ಲಿ ಅವಳು ಮುಂದಿನ ಕಂಬಳಿಯಲ್ಲಿ ಇರುತ್ತಿದ್ದಳು.

ಹೀಗೆ ಮೂರು ವರ್ಷ ಕಳೆಯಿತು. ಆಮೇಲೆ ನನ್ನಿಂದ ಒಂದು ತಪ್ಪಾಯಿತು.

ಸೇಂಟ್ ಜಾನ್ಸ್ ವುಡ್ಡಿನ ಲಯೊನೆಲ್ ಆರ್ಡೆನ್ ಎಂಬ ಚಿತ್ರಕಾರರ ಮನೆಯ ಬಟ್ಟೆ ನಮ್ಮಲ್ಲಿಗೆ ಬರುತ್ತಿತ್ತು. ಎರಡು ಸಾವಿರ ವರ್ಷದ ಹಿಂದಿನ ರೋಮನ್ನರನ್ನು ಬರೆದು ಹೆಸರಾದವರು. ಅಮೃತಶಿಲೆಯ ಕಟ್ಟೆ, ಅದರ ಮೇಲೆ ಬಿಳಿ ಉಡುಗೆಯಲ್ಲಿ ಒರಗಿದ ಹೆಂಗಸರು, ಹಿಂದೆ ನೀಲಿ ಕಡಲು. ಅವರ ಚಿತ್ರದ ಅಚ್ಚುಪ್ರತಿ ತೂಗುಹಾಕದ ಶ್ರೀಮಂತರ ಮನೆ ಇರಲಿಲ್ಲ. ೧೮೮೩ರ ಜನವರಿಯಲ್ಲಿ ಅಂಗಿ, ಮೇಜುಬಟ್ಟೆಗಳ ಜೊತೆ ಹನ್ನೊಂದು ತೆಳು ನಿಲುವಂಗಿಗಳೂ ಬಂದವು. ಮೈತುಂಬ ಸುಕ್ಕು, ನಿರಿಗೆ. ಯಾವ ಸೋಮಾರಿ ಸೇವಕಿ ಹೀಗೆ ಮುದುರಿ ಇಟ್ಟಿದ್ದಳೋ ಎಂದು ಬೈದುಕೊಂಡು, ಎರಡು ದಿನ ಕೂತು, ಒಂದೊಂದು ಸುಕ್ಕನ್ನೂ ತೀಡಿ ಕಾಗದದಂತೆ ಮಾಡಿ ಕಳಿಸಿದೆ. ಹೆಮ್ಮೆಯೂ ಪಟ್ಟೆ.

ಸೋಮವಾರ ಗಂಟು ವಾಪಸ್ ಬಂತು, ಜೊತೆಗೊಂದು ಚೀಟಿ. ಓದುತ್ತಾ ಪರ್ಕಿಸಮ್ಮನ ಮುಖ ಗಂಜಿಯಂತೆ ಬಿಳಿಚಿತು. “ಹೋಗು, ಅವರ ಕಾಲಿಗೆ ಬೀಳು. ಬೆಥಿಯಾ, ನೀನು ಬುಟ್ಟಿ ಹಿಡ್ಕೊಂಡು ಜೊತೆಗೆ ಹೋಗು. ಬಾಯಿ ಮಾತ್ರ ಬಿಚ್ಚಬೇಡ.”

ಆ ಚಿತ್ರಶಾಲೆ ನಮ್ಮ ಚರ್ಚಿಗಿಂತ ದೊಡ್ಡದಾಗಿತ್ತು. ಆರ್ಡೆನ್ ಅವರು ಗಿಡ್ಡಗೆ ದುಂಡಗಿದ್ದರು, ಗಡ್ಡದ ತುಂಬ ಬಣ್ಣ. ನನ್ನನ್ನು ಕಂಡದ್ದೇ ತಡ ಕೂಗಾಡಿದರು.

“ರೋಮಿನ ಹೆಂಗಸರಿಗೆ ಮಲಗೋ ಹಾಸಿಗೆ ಬಟ್ಟೆ ಉಡಿಸಲಾ? ಆ ನಿರಿಗೆ ಕೂರಿಸೋಕೆ ಎಷ್ಟು ದಿನ ಒದ್ದಾಡಿದ್ದೆ ಗೊತ್ತಾ? ಮಾರ್ಚ್ ಕೊನೆಗೆ ಚಿತ್ರ ಪ್ರದರ್ಶನಕ್ಕೆ ಹೋಗಬೇಕು!”

ನನಗೆ ಅಳುವೇ ಬಂತು. ಬೆಥಿಯಾ ಬುಟ್ಟಿಯನ್ನು ನೆಲಕ್ಕಿಟ್ಟಳು.

“ಇಷ್ಟಕ್ಕ ಯಾಕ ಬಾಯಿ ಮಾಡ್ತೀರಿ ಸಾರ್? ಒಂದು ಬಕೆಟ್ ನೀರು ತರಿಸ್ರಿ.”

ನೀರು ಬಂತು. ಒಂದು ನಿಲುವಂಗಿಯನ್ನು ಅದ್ದಿ ತೆಗೆದು, ಬೆರಳಲ್ಲಿ ನಿರಿಗೆ ಹಿಡಿದು, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. “ವಿನಿ, ನೀ ಎಡಕ್ಕ ತಿರುವು.” ತಾನು ಬಲಕ್ಕೆ ತಿರುವಿದಳು. ಬಟ್ಟೆ ಹಗ್ಗವಾಯಿತು, ಹಗ್ಗ ಬಿಗಿದು ಬಿಗಿದು ತಾನೇ ಸುತ್ತಿಕೊಂಡು ಹಾವಿನ ಮರಿಯಂತೆ ಉಂಡೆಯಾಯಿತು. ಅದಕ್ಕೆ ದಾರ ಕಟ್ಟಿ ಒಲೆಯ ಪಕ್ಕ ಇಟ್ಟಳು. “ಒಣಗಿದ ಮ್ಯಾಲೆ ಬಿಚ್ರಿ. ಮೊದಲಿಗಿಂತ ಛಲೋ ಇರ್ತದ. ನಮ್ಮ ಕಡೆ ಮದುವಿ ಅಂಗಿ ತೋಳಿಗೆ ಹಿಂಗ ಮಾಡ್ತಿದ್ವಿ.”

ಆರ್ಡೆನ್ ಅವರ ಕೂಗು ನಿಂತಿತು. ಉಳಿದ ಹತ್ತನ್ನೂ ತಿರುವಿ ಕಟ್ಟುವಾಗ ಬೆಥಿಯಾಳ ಕಣ್ಣು ಗೋಡೆಗೆ ನಿಲ್ಲಿಸಿದ್ದ ದೊಡ್ಡ ಚಿತ್ರದ ಮೇಲೆ ಹೋಯಿತು. ರೋಮನ್ನರ ಕಾಲದ ಒಗೆಯುವ ಅಂಗಳ. ಕಲ್ಲಿನ ತೊಟ್ಟಿಗಳು, ಆಚೆ ಕಡಲು, ಐದು ಜನ ಹುಡುಗಿಯರು. ನಡುವೆ ನಿಂತವಳು ಒಂದು ಕಾಲ್ಬೆರಳನ್ನು ನೀರಿಗೆ ತಾಗಿಸಿ, ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹೂವಿನಂತೆ ಹಿಡಿದಿದ್ದಳು. ಚಿತ್ರಕ್ಕಾಗಿ ಆ ಭಂಗಿಯಲ್ಲಿ ನಿಲ್ಲುತ್ತಿದ್ದ ಇಟಲಿಯ ಹೆಂಗಸು ನುಂಜಿಯಾತಾ ಅಲ್ಲೇ ಒಲೆಯ ಮುಂದೆ ಶಾಲು ಹೊದ್ದು ಕೂತಿದ್ದಳು.

ಬೆಥಿಯಾ ಮೊದಲು ಮೂಗಲ್ಲಿ ನಕ್ಕಳು. ಆಮೇಲೆ ಬಾಯಿ ತೆರೆದೇ ನಕ್ಕಳು.

“ಏನು ನಗು?” ಎಂದರು ಆರ್ಡೆನ್.

“ಏನಿಲ್ರಿ ಸಾರ್. ಈ ಐದು ಮಂದಿ ಸೇರಿ ಒಂದು ಕರ್ಚೀಪು ಒಗದಿರಾಕಿಲ್ಲ.”

ನಾನು ಅವಳ ಶಾಲಿನ ತುದಿ ಎಳೆದೆ. ಅವಳು ನಿಲ್ಲಿಸಲಿಲ್ಲ. “ಹಂಗ ನಿಂತ್ರ ನೀರು ತಣ್ಣಗೈತೋ ಬಿಸಿ ಐತೋ ನೋಡಾಕ ಬಂದಂಗ ಕಾಣ್ತದ. ತೊಟ್ಟಿನೂ ಭಾಳ ಆಳ ಆತು. ಆ ಪೊದಿ ಮ್ಯಾಲೆ ಒಣ ಹಾಕೀರಲ್ಲ, ಅದು ಮುಳ್ಳಿನ ಗಿಡ. ಯಜಮಾನಿ ಬೆನ್ನಿನ ಚರ್ಮ ಸುಲೀತಿದ್ಲು.”

ಆರ್ಡೆನ್ ಅವರ ಕಿವಿ ಕೆಂಪಾಯಿತು. “ಅಷ್ಟು ಗೊತ್ತಿದ್ರೆ ನೀನೇ ಮಾಡಿ ತೋರಿಸು!”

ಅವರು ಮಾತಿಗೆ ಅಂದದ್ದು. ಬೆಥಿಯಾ ಬೂಟು ಬಿಚ್ಚತೊಡಗಿದಳು. ಸ್ನಾನದ ತಗಡಿನ ತೊಟ್ಟಿ ತರಿಸಿ, ಮಂಚದ ಮೇಲಿದ್ದ ಕಂಬಳಿಯನ್ನು ಅದರಲ್ಲಿ ಹಾಕಿ, ಲಂಗ ಎತ್ತಿ ಸಿಕ್ಕಿಸಿ ಇಳಿದಳು. ಜಾರುವ ತಳ; ಹಿಡಿದುಕೊಳ್ಳಲು ಏನಾದರೂ ಬೇಕಲ್ಲ, “ಬಾರವ್ವ ಇಲ್ಲಿ” ಎಂದು ನುಂಜಿಯಾತಾಳನ್ನು ಕರೆದು ಅವಳ ಹೆಗಲ ಮೇಲೆ ಕೈಯಿಟ್ಟಳು. ತುಳಿದಳು. ನೀರು ಚಿಮ್ಮಿ ಅಮೃತಶಿಲೆಯ ನೆಲವೆಲ್ಲ ಹೊಳೆಯಾಯಿತು. ನುಂಜಿಯಾತಾ ಕಿಲಕಿಲ ನಗುತ್ತಾ ತಾನೂ ಕಾಲುಚೀಲ ಕಿತ್ತೆಸೆದು ಒಳಗಿಳಿದಳು. ಇಬ್ಬರೂ ಒಬ್ಬರ ಹೆಗಲು ಒಬ್ಬರು ಹಿಡಿದು ತಾಳಕ್ಕೆ ತುಳಿಯತೊಡಗಿದರು. ಇಬ್ಬರ ಕಾಲೂ ಒಂದೇ ಪಾಠ ಕಲಿತಂತಿತ್ತು.

“ನಿನಗೂ ಬರುತ್ತಾ?” ಆರ್ಡೆನ್ ಅವಾಕ್ಕಾಗಿ ಕೇಳಿದರು.

“ನಮ್ಮ ಬೆಟ್ಟದ ಊರಲ್ಲಿ ತೊರೆಯಲ್ಲಿ ಹೀಗೇ ತುಳಿಯೋದು, ಸಾರ್.”

“ಮತ್ತೆ ಮೂರು ತಿಂಗಳಿಂದ ಯಾಕೆ ಹೇಳಲಿಲ್ಲ?”

“ನೀವು ನನ್ನ ಕರೆಸಿದ್ದು ನಿಲ್ಲೋಕೆ. ಒಗೆಯೋಕಲ್ಲವಲ್ಲ,” ಎಂದಳು ನುಂಜಿಯಾತಾ.

ಆ ಮನುಷ್ಯನಲ್ಲಿ ಒಂದು ದೊಡ್ಡ ಗುಣವಿತ್ತು. ಒಳ್ಳೆಯದು ಕಣ್ಣಿಗೆ ಬಿದ್ದರೆ ಸಿಟ್ಟು ಮರೆಯುತ್ತಿದ್ದರು. ಒಂದು ಕಾಗದ ಎಳೆದುಕೊಂಡು, ಒದ್ದೆ ನೆಲದ ಮೇಲೆ ಮೊಳಕಾಲೂರಿ, ಮಾತಿಲ್ಲದೆ ಗೀಚತೊಡಗಿದರು. ಮರುದಿನ ಮೂರು ತಿಂಗಳ ಕೆಲಸವನ್ನು ಚಾಕುವಿನಿಂದ ಹೆರೆದು ಹಾಕಿದರಂತೆ.

ಮಂಗಳವಾರ, ಗುರುವಾರ ಮಧ್ಯಾಹ್ನ ಬೆಥಿಯಾ ಚಿತ್ರಕ್ಕೆ ನಿಲ್ಲಲು ಸೇಂಟ್ ಜಾನ್ಸ್ ವುಡ್ಡಿಗೆ ಹೋಗತೊಡಗಿದಳು. ನಿಲುವಂಗಿಗಳ ನಿರಿಗೆ ತಿರುವಲು ಎರಡನೆಯ ಜೋಡಿ ಕೈ ಬೇಕಲ್ಲ, ಜೊತೆಗೆ ನಾನೂ. ಹೆಗಲು ಬಿಟ್ಟು ಉಡುವುದಿಲ್ಲ ಎಂದು ಅವಳು ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದಳು. ಆರ್ಡೆನ್ ತೋಳಿಗೆ ಪಿನ್ನು ಹಾಕಿಸಿದರು. ಕಾಲಿನ ಬಗ್ಗೆ ಅವಳಿಗೆ ಯಾವ ಸಂಕೋಚವೂ ಇರಲಿಲ್ಲ. “ಕಾಲು ದುಡಿಯೋ ವಸ್ತು. ಅದಕ್ಕ ನಾಚಿಕಿ ಯಾಕ?” ಎನ್ನುತ್ತಿದ್ದಳು. ಗಂಟೆಗಟ್ಟಲೆ ನಿಂತು ಮಂಡಿ ಹಿಡಿದುಕೊಂಡರೂ ಕೂರುತ್ತಿರಲಿಲ್ಲ. ನಿಂತಲ್ಲಿಂದಲೇ ಹೇಳಿ ಚಿತ್ರದ ತೊಟ್ಟಿಯ ಅಂಚು ತಗ್ಗುವಂತೆ ಮಾಡಿದಳು, ಮುಳ್ಳುಗಿಡ ತೆಗೆಸಿ ಬೆಣಚುಕಲ್ಲಿನ ಮೇಲೆ ಬಟ್ಟೆ ಹರವಿಸಿದಳು.

ಮುಖ ಬರೆದು ಮುಗಿದ ದಿನ ಆರ್ಡೆನ್ ಅವಳನ್ನು ಕರೆದು ತೋರಿಸಿದರು. ತೊಟ್ಟಿಯೊಳಗೆ ನಿಂತ ಮುದುಕಿ, ಕೆಂಪೇರಿದ ಕಾಲು, ಬಾಯಿ ಅರ್ಧ ತೆರೆದಿದೆ, ಹಾಡುತ್ತಿದ್ದಾಳೆ. ಪಕ್ಕದ ಹುಡುಗಿ ಅವಳ ತೋಳು ಹಿಡಿದು ನಗುತ್ತಿದ್ದಾಳೆ. ಬೆಥಿಯಾ ಹತ್ತಿರ ಹೋಗಿ ಆ ಮುಖವನ್ನು ಬಗ್ಗಿ ನೋಡಿದಳು.

“ಸರಿ ಬಂದಿಲ್ವಾ?” ಎಂದರು ಆರ್ಡೆನ್, ಅಳುಕಿನಿಂದ.

“ಇದು ನಾ ಅಲ್ರಿ. ನಮ್ಮವ್ವ,” ಎಂದಳು. ಮನೆಗೆ ಬರುವಾಗ ದಾರಿಯಲ್ಲಿ ಅಷ್ಟೇ ಹೇಳಿದಳು: “ನಮ್ಮವ್ವ ಸತ್ತು ಮೂವತ್ತು ವರ್ಷ ಆತು ವಿನಿ. ಆಕಿ ಮುಖ ಮರತೇಬಿಟ್ಟಿದ್ದೆ.”

ಸುದ್ದಿ ನಮ್ಮ ಬೀದಿಗೆ ಬರಲು ತಡವಾಗಲಿಲ್ಲ. ಬೆಥಿಯಾ ಭಾನುವಾರ ಹೋಗುತ್ತಿದ್ದ ಸ್ಕಾಟರ ಪುಟ್ಟ ಪ್ರಾರ್ಥನಾ ಮಂದಿರದ ಹಿರಿಯ ಮಂಗೋ ಲೇಡ್ಲಾ ಒಂದು ದಿನ ಕಪ್ಪು ಕೋಟು ತೊಟ್ಟು ಲಾಂಡ್ರಿಗೇ ಬಂದ. ಪರ್ಕಿಸಮ್ಮ ಅವನಿಗೆ ಕುರ್ಚಿ ಕೊಟ್ಟಳು. ಅವನು ಕೂರಲಿಲ್ಲ.

“ಬೆಥಿಯಾ ಕೇರ್ಡ್, ನೀವು ಬರಿಗಾಲಲ್ಲಿ, ಮೊಳಕಾಲು ತೋರಿಸ್ಕೊಂಡು, ವಿಗ್ರಹ ಪೂಜೆ ಮಾಡೋರ ವೇಷದಲ್ಲಿ ನಿಲ್ತೀರಂತೆ. ನಿಜಾನಾ?”

“ಖರೇ ಐತ್ರಿ.”

“ನಾಚಿಕೆ ಆಗಲ್ವಾ? ಈ ವಯಸ್ಸಲ್ಲಿ?”

“ಲೇಡ್ಲಾ ಅವ್ರ, ನಿಮ್ಮ ಊರು ಯಾವುದ್ರಿ? ನಮ್ಮ ಪರ್ತ್ ಸೀಮಿ ಡಂಕೆಲ್ಡ್ ಪಕ್ಕ ಅಲ್ಲೇನು? ನಿಮ್ಮ ತೊಟ್ಟಿಲ ಬಟ್ಟಿ ಒಗದಾಕಿ ನಿಮ್ಮವ್ವ. ಆಕಿ ಹೆಂಗ ಒಗದ್ಲು? ಕಾಲುಚೀಲ ಹಾಕ್ಕೊಂಡೇನು?”

ಒಗೆಯುವ ಮನೆಯಲ್ಲಿ ಕೋಲುಗಳ ಸದ್ದು ನಿಂತಿತು. ಲೇಡ್ಲಾ ಟೊಪ್ಪಿ ಹಾಕಿಕೊಂಡು ಹೊರಟ. ನಾವು ಗೆದ್ದೆವು ಅಂದುಕೊಂಡೆ. ಆದರೆ ಪರ್ಕಿಸಮ್ಮನಿಗೆ ಗಿರಾಕಿಗಳ ಭಯ. ಸಂಜೆ ಬೆಥಿಯಾಳನ್ನು ಕರೆದು, “ನನ್ನ ಮನೆ ಮರ್ಯಾದೆ ಹೋಗ್ತಿದೆ. ಒಂದೋ ಆ ಚಿತ್ರ ಬಿಡು, ಇಲ್ಲಾ ಈಸ್ಟರ್ ಆದ್ಮೇಲೆ ಬೇರೆ ಕಡೆ ನೋಡ್ಕೋ” ಎಂದಳು.

“ನೋಡ್ಕೋತೇನ್ರಿ,” ಎಂದಳು ಬೆಥಿಯಾ. ಐವತ್ತೈದರ ಹೆಂಗಸಿಗೆ ಹೊಸ ಲಾಂಡ್ರಿ ಯಾವುದೂ ಬಾಗಿಲು ತೆರೆಯುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕೇಳಿದರೆ, “ನಾ ಗೊರಕಿ ಹೊಡದು ಮಲಗಿದ್ದೆ” ಎಂದಳು.

ಚಿತ್ರ ಪ್ರದರ್ಶನಕ್ಕೆ ಹೋಗುವ ಮುಂಚಿನ ಶನಿವಾರ ಆರ್ಡೆನ್ ತಮ್ಮ ಚಿತ್ರಶಾಲೆಯ ಬಾಗಿಲನ್ನು ಪರಿಚಯದವರಿಗೆಲ್ಲ ತೆರೆದಿಟ್ಟಿದ್ದರು. ಶನಿವಾರವೆಂದರೆ ನಮಗೆ ಒಗೆದ ಬಟ್ಟೆ ತಲುಪಿಸುವ ದಿನ. ಮೇಜುಬಟ್ಟೆಯ ಬುಟ್ಟಿ ಹೊತ್ತು ನಾವಿಬ್ಬರೂ ಹಿತ್ತಲಿಂದ ಒಳಗೆ ಬಂದರೆ ರೇಷ್ಮೆ ಲಂಗಗಳ ನಡುವೆ ಸಿಕ್ಕಿಹಾಕಿಕೊಂಡೆವು. ಚಿತ್ರದ ಮುಂದೆ ತೆಳ್ಳಗಿನ ಒಬ್ಬ ಮುದುಕ ಕನ್ನಡಕ ಏರಿಸಿ ನಿಂತಿದ್ದರು: ಪ್ರೊಫೆಸರ್ ಗಾರ್ಟನ್. ರೋಮನ್ನರ ವಿಷಯದಲ್ಲಿ ಅವರು ಆಡಿದ್ದೇ ಕೊನೆಯ ಮಾತು ಎಂದು ಎಲ್ಲರೂ ನಂಬಿದ್ದರು.

“ಕಲ್ಲು ಅದ್ಭುತ, ಕಡಲು ಅದ್ಭುತ,” ಎಂದರು ಅವರು. “ಆದರೆ ಈ ಮುದುಕಿ ಏನು, ಆರ್ಡೆನ್? ಇದು ರೋಮ್ ಅಲ್ಲ, ಸ್ಕಾಟ್ಲೆಂಡು! ಅಲ್ಲಿಗೆ ಪ್ರವಾಸ ಹೋದವರೆಲ್ಲ ಬರೆದಿರೋ ದೃಶ್ಯ. ಪಾಪ, ಯಾರೋ ಒಗೆಯೋಳ ಮಾತು ಕೇಳಿದ್ದೀರಿ.”

ಜನ ನಕ್ಕರು. ಆರ್ಡೆನ್ ಗಡ್ಡ ಕೆರೆದುಕೊಂಡರೇ ಹೊರತು ಏನೂ ಹೇಳಲಿಲ್ಲ.

“ಸಾರ್,” ಎಂದಳು ಬೆಥಿಯಾ ನನ್ನ ಪಕ್ಕದಿಂದ. ಎಲ್ಲರೂ ತಿರುಗಿದರು. “ಆ ಯಾರೋ ಒಗಿಯಾಕಿ ನಾನ. ಒಂದು ಮಾತು ಕೇಳ್ತೇನ್ರಿ. ನೀವು ಎಂದಾದ್ರೂ ಒಂದು ಕಂಬಳಿ ಒಗದೀರೇನು?”

“ಆ ಭಾಗ್ಯ ಬಂದಿಲ್ಲಮ್ಮ.” ಮತ್ತೆ ನಗು.

“ಹಸಿ ಉಣ್ಣಿ ಕಂಬಳಿ ಒಂದು ಕುರಿಮರಿಯಷ್ಟು ಭಾರ ಇರ್ತದ. ರೋಮಿನಾಗೂ ಅಷ್ಟ, ಪರ್ತಿನಾಗೂ ಅಷ್ಟ. ಕೈಲೆ ಎರಡು ಒಗಿಯಬಹುದು, ಇಪ್ಪತ್ತು ಆಗೂದಿಲ್ಲ. ಆ ಮಂದಿಗೂ ಕಾಲು ಇದ್ದವೋ ಇಲ್ಲೋ?”

“ತರ್ಕ ಚೆನ್ನಾಗಿದೆ. ಆದರೆ ಚರಿತ್ರೆಗೆ ಆಧಾರ ಬೇಕು,” ಎಂದು ಪ್ರೊಫೆಸರ್ ಮುಗುಳ್ನಕ್ಕು ಟೀ ಬಟ್ಟಲಿನತ್ತ ತಿರುಗಿದರು. ಎಲ್ಲರೂ ಅವರ ಹಿಂದೆ ಹೋದರು.

ಹೊರಗೆ ಬಂದ ಮೇಲೆ ನಾನು ಸಮಾಧಾನ ಹೇಳಲು ಹೋದೆ. ಅವಳಿಗೆ ಅದು ಬೇಕಿರಲಿಲ್ಲ. “ಆ ಮುದುಕನ ಮ್ಯಾಲೆ ನನಗ ಸಿಟ್ಟಿಲ್ಲ. ಆತಗ ಗೊತ್ತಿಲ್ಲ, ಗೊತ್ತಿಲ್ಲದ್ದು ಹೇಳಿದ. ಗೊತ್ತಿದ್ದಾತ ಸುಮ್ಮ ನಿಂತ ನೋಡು, ಅದಕ್ಕ ಹೊಟ್ಟಿ ಉರೀತದ.”

ಮರುದಿನ ಮಂದಿರದಿಂದ ಬರುವಷ್ಟರಲ್ಲಿ ಆರ್ಡೆನ್ ಹೇಳಿ ಕಳಿಸಿದ್ದರು, ತಕ್ಷಣ ಬರಬೇಕೆಂದು. ಭಾನುವಾರ ಕೆಲಸ ಮಾಡುವುದಿಲ್ಲ ಎಂದು ಉತ್ತರ ಕಳಿಸಿ, ಸೋಮವಾರ ಬೆಳಕು ಹರಿಯುತ್ತಲೇ ನನ್ನನ್ನು ಕರೆದುಕೊಂಡು ಹೋದಳು. ಆರ್ಡೆನ್ ಎರಡು ದಿನದಿಂದ ಗಡ್ಡವನ್ನೂ ಬಾಚಿರಲಿಲ್ಲ. ಮಧ್ಯಾಹ್ನ ಚಿತ್ರ ಒಯ್ಯಲು ಗಾಡಿ ಬರುವುದಿತ್ತು.

“ಗಾರ್ಟನ್ ಪತ್ರಿಕೆಗೆ ಬರೀತಾನೆ. ಆರ್ಡೆನ್‌ಗೆ ರೋಮ್ ಗೊತ್ತಿಲ್ಲ ಅಂತ ಒಂದು ಸಾಲು ಬಂದ್ರೆ ನನ್ನ ಹತ್ತೊಂಬತ್ತು ವರ್ಷದ ಹೆಸರು ಹೋಯ್ತು. ಚಿತ್ರದಲ್ಲಿ ನಿನ್ನನ್ನ ತೊಟ್ಟಿಯಿಂದ ಆಚೆ ನಿಲ್ಲಿಸ್ತೀನಿ. ಕೈಗೊಂದು ಬಟ್ಟೆ ಕೊಡ್ತೀನಿ. ಎರಡು ಗಂಟೆ ಕೆಲಸ. ಬೇಜಾರು ಮಾಡ್ಕೋಬೇಡ.”

“ನೀವು ಬರದದ್ದು, ನೀವು ಅಳಸ್ರಿ,” ಎಂದಳು ಬೆಥಿಯಾ. “ಆದ್ರ ನಾ ಇಲ್ಲೇ ನಿಂತು ನೋಡ್ತೇನಿ.”

ಕೈಕಟ್ಟಿ ನಿಂತಳು. ಆರ್ಡೆನ್ ಚಾಕು ತೆಗೆದುಕೊಂಡು ಚಿತ್ರದ ಹತ್ತಿರ ಹೋದರು. ಆ ಮುದುಕಿಯ ಕಾಲಿನ ಮೇಲೆ ಚಾಕುವಿನ ತುದಿ ಇಟ್ಟರು. ಇಟ್ಟೇ ಇದ್ದರು. ಕೊನೆಗೆ ಬೆಥಿಯಾಳತ್ತ ತಿರುಗದೆಯೇ ಕೇಳಿದರು: “ನಿಜವಾಗ್ಲೂ ಹೀಗೇ ಇತ್ತಾ?”

“ರೋಮಿನವ್ರು ಏನು ಹೇಳಿದ್ರು ನನಗ ಗೊತ್ತಿಲ್ರಿ ಸಾರ್. ಅವ್ರ ಬಟ್ಟಿ ಏನು ಹೇಳ್ತಿತ್ತು ಗೊತ್ತೈತಿ.”

ಆರ್ಡೆನ್ ಚಾಕು ಮೇಜಿನ ಮೇಲೆ ಎಸೆದರು. “ಹಾಳಾಗಿ ಹೋಗ್ಲಿ, ಹೀಗೇ ಹೋಗ್ಲಿ,” ಎಂದು ಆಳುಗಳನ್ನು ಕರೆದರು. ಮಧ್ಯಾಹ್ನದ ಗಾಡಿಯಲ್ಲಿ ಚಿತ್ರ ಇದ್ದಂತೆಯೇ ಹೋಯಿತು.

ಮೂರು ದಿನದ ಮೇಲೆ, ಗುರುವಾರ, ಒಗೆಯುವ ಮನೆಯಲ್ಲಿ ಹಬೆ ಕವಿದು ಎದುರಿನವರ ಮುಖ ಕಾಣದ ಹೊತ್ತಿನಲ್ಲಿ ಬಾಗಿಲಲ್ಲಿ ಒಂದು ಎತ್ತರದ ಟೊಪ್ಪಿ ಕಂಡಿತು. ಪರ್ಕಿಸಮ್ಮ ಯಾರೋ ಆರೋಗ್ಯ ಇಲಾಖೆಯವರೆಂದು ಹೆದರಿ ಎದ್ದಳು. ನೀರಿನ ಗುಂಡಿಗಳನ್ನು ದಾಟುತ್ತಾ, ಕಂಕುಳಲ್ಲಿ ದೊಡ್ಡ ಪುಸ್ತಕ ಇಟ್ಟುಕೊಂಡು ಪ್ರೊಫೆಸರ್ ಗಾರ್ಟನ್ ಬಂದರು. ಬೆಥಿಯಾ ಬಾನಿಯಲ್ಲಿದ್ದಳು.

“ಕೇರ್ಡಮ್ಮನವರೇ ಅಲ್ವಾ?” ಎಂದರು ಅವರು, ಟೊಪ್ಪಿ ತೆಗೆದು. ಅಷ್ಟು ಮರ್ಯಾದೆಯಿಂದ ನಮ್ಮಲ್ಲಿ ಯಾರನ್ನೂ ಯಾರೂ ಮಾತಾಡಿಸಿರಲಿಲ್ಲ.

“ಹೌದ್ರಿ. ಹತ್ತಿರ ಬರಬ್ಯಾಡ್ರಿ, ಸಿಡೀತದ.”

“ನಿಮ್ಮ ಮಾತು ನನ್ನ ತಲೆಯಿಂದ ಹೋಗ್ಲೇ ಇಲ್ಲ. ಆ ಮಂದಿಗೆ ಕಾಲಿರಲಿಲ್ವಾ ಅಂದ್ರಲ್ಲ. ಮನೆಗೆ ಹೋಗಿ ಹುಡುಕಿದೆ. ಇದು ನೇಪಲ್ಸ್ ವಸ್ತುಸಂಗ್ರಹಾಲಯದ ಪುಸ್ತಕ. ಇಪ್ಪತ್ತು ವರ್ಷದಿಂದ ನನ್ನ ಕಪಾಟಿನಲ್ಲೇ ಇದೆ. ಪುಟ ತಿರುಗಿಸಿದ್ದೆ, ನೋಡಿರಲಿಲ್ಲ.”

ನನ್ನ ಇಸ್ತ್ರಿ ಮೇಜಿನ ಮೇಲೆ ಪುಸ್ತಕ ಬಿಚ್ಚಿದರು. ಪಾಂಪೇ ಎಂಬ ಊರು, ಬೆಂಕಿಬೆಟ್ಟದ ಬೂದಿಯಲ್ಲಿ ಹೂತುಹೋಗಿದ್ದದ್ದು. ಅಲ್ಲಿನ ಒಂದು ಬಟ್ಟೆ ಒಗೆಯುವ ಮನೆಯ ಗೋಡೆಯ ಚಿತ್ರ. ಸಾಲಾಗಿ ತೊಟ್ಟಿಗಳು, ತೊಟ್ಟಿಗಳಲ್ಲಿ ಬರಿಗಾಲಿನ ಕೆಲಸಗಾರರು, ನಡುವಿನವನು ಬಟ್ಟೆ ಎತ್ತಿ ಕಟ್ಟಿ ತುಳಿಯುತ್ತಿದ್ದಾನೆ. ಎಲ್ಲ ಹೆಂಗಸರೂ ಕೈ ಒರೆಸಿಕೊಂಡು ಮುಗಿಬಿದ್ದರು. ಬೆಥಿಯಾ ಹನಿಯುವ ಕಾಲಿನಲ್ಲೇ ಬಂದು ಬಗ್ಗಿ ನೋಡಿದಳು.

“ತೊಟ್ಟಿ ಅಕ್ಕಪಕ್ಕ ಗೋಡಿ ಕಟ್ಯಾರ ನೋಡ್ರಿ. ಹಿಡಕೊಳ್ಳಾಕ. ಜಾಣ ಮಂದಿ,” ಎಂದಳು. ಎರಡು ಸಾವಿರ ವರ್ಷದ ಹಿಂದಿನ ಆಳನ್ನು ನೆರೆಮನೆಯವನಂತೆ ಮೆಚ್ಚಿದಳು, ಅಷ್ಟೇ. ಗೆದ್ದೆ ಎಂಬ ಠೇಂಕಾರ ಇರಲಿಲ್ಲ. ತಾನು ಸೋತಿದ್ದೆ ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲವಲ್ಲ.

ಪ್ರೊಫೆಸರ್ ಗಂಟಲು ಸರಿಮಾಡಿಕೊಂಡರು. “ಇನ್ನೊಂದು ವಿಷಯ ಇದೆ. ಹೇಗೆ ಹೇಳ್ಲಿ... ಅವರು ಕೊಳೆ ತೆಗೆಯೋಕೆ ಒಂದು, ಒಂದು ದ್ರವ ಬಳಸ್ತಿದ್ರು. ಹೆಂಗಸರ ಮುಂದೆ...”

“ಉಚ್ಚಿ,” ಎಂದಳು ಬೆಥಿಯಾ. “ಹಳೇದು, ಹುಳಿ ಬಂದದ್ದು. ಅದೂ ಗೊತ್ತೈತ್ರಿ. ನಮ್ಮವ್ವ ಬಾಗಿಲ ಹಿಂದ ಒಂದು ಪೀಪಾಯಿ ಇಟ್ಟಿದ್ಲು. ಮನಿಗೆ ಬಂದ ಗಂಡಸ್ರು ಅದಕ್ಕ ದಾನ ಮಾಡಿ ಹೋಗಬೇಕು. ಉಣ್ಣಿಗೆ ಅದರಂಥದ್ದು ಇಲ್ಲ.”

ಪ್ರೊಫೆಸರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಜೇಬಿನಿಂದ ಪೆನ್ಸಿಲ್ಲು ತೆಗೆದು, “ಪೀಪಾಯಿ ಎಷ್ಟು ದೊಡ್ಡದಿತ್ತು?” ಎಂದು ಬರೆದುಕೊಳ್ಳತೊಡಗಿದರು. ಮಧ್ಯಾಹ್ನದವರೆಗೆ ನನ್ನ ಮೇಜಿನ ತುದಿಯಲ್ಲಿ ಕೂತು, ನಾವು ಕೊಟ್ಟ ಟೀ ಒಂದರ ಮೇಲೊಂದು ಮೂರು ಬಟ್ಟಲು ಕುಡಿದು, ಪ್ರಶ್ನೆ ಕೇಳುತ್ತಲೇ ಹೋದರು. ಮುಂದೆ ಪ್ರದರ್ಶನ ತೆರೆದಾಗ ಪತ್ರಿಕೆಗೆ ಬರೆದದ್ದೂ ನಿಜ. ತಾವು ತಪ್ಪಿದ್ದೆವೆಂದೂ, ಆ ವರ್ಷದ ಪ್ರದರ್ಶನದಲ್ಲಿ ರೋಮನ್ನರ ಕೆಲಸದ ದಿನವನ್ನು ಬಲ್ಲ ಚಿತ್ರ ಅದೊಂದೇ ಎಂದೂ ಬರೆದರು.

ಪ್ರೊಫೆಸರ್ ಬಂದುಹೋದ ದಿನವೇ ಪರ್ಕಿಸಮ್ಮನ ರಾಗ ಬದಲಾಯಿತು. “ಬೆಥಿಯಾ, ಕೋಪದಲ್ಲಿ ಏನೋ ಅಂದೆ. ನೀನು ಇಲ್ಲೇ ಇರು ತಾಯಿ.”

“ನೀವು ಹೋಗು ಅಂದದ್ದು ಛಲೋನ ಆತ್ರಿ,” ಎಂದಳು ಬೆಥಿಯಾ, ವ್ಯಂಗ್ಯವಿಲ್ಲದೆ. “ಅಲ್ಲಿವರೆಗೆ ನಾ ಹೊರಗ ಕಾಲಿಡೋ ವಿಚಾರನ ಮಾಡಿರ್ಲಿಲ್ಲ.”

ಈಸ್ಟರ್ ಆದ ಮೇಲೆ ಕಾಲುವೆಯ ಪಕ್ಕ ಮೂರು ಕೋಣೆಯ ಒಂದು ಮನೆ ಹಿಡಿದಳು. ಮಾರನೆಯ ವಾರ ನಾನೂ ನನ್ನ ಇಸ್ತ್ರಿಗಳನ್ನು ಹೊತ್ತು ಅಲ್ಲಿಗೇ ಹೋದೆ. ಆರ್ಡೆನ್ ತಮ್ಮ ನಿಲುವಂಗಿಗಳನ್ನು ನಮಗೇ ಕಳಿಸಿದರು, ತಮ್ಮ ಗೆಳೆಯರಿಗೂ ಹೇಳಿದರು. ರೋಮ್, ಗ್ರೀಸ್, ಈಜಿಪ್ಟ್ ಬರೆಯುವ ಚಿತ್ರಕಾರರು ಆಗ ಆ ಕಡೆಯ ಬೀದಿ ಬೀದಿಯಲ್ಲಿದ್ದರು. ಎಲ್ಲರಿಗೂ ನಿರಿಗೆ ಬೇಕು. ತಿರುವಿ ಕಟ್ಟಿದ ಬಟ್ಟೆಯ ಉಂಡೆಗಳು ನಮ್ಮ ಒಲೆಯ ಸುತ್ತ ಬನ್ನುಗಳಂತೆ ಸಾಲಾಗಿ ಕೂತಿರುತ್ತಿದ್ದವು. ನುಂಜಿಯಾತಾ ಚಳಿಗಾಲದಲ್ಲಿ ಭಂಗಿಗೆ ನಿಲ್ಲುವ ಕೆಲಸವಿಲ್ಲದಾಗ ಬಂದು ಕಂಬಳಿ ತುಳಿದು ಹೋಗುತ್ತಿದ್ದಳು. ನಮ್ಮ ಆಲ್ಫ್ ಕೂಡ ಬುಟ್ಟಿ ಹೊರತೊಡಗಿದ. ಬೆಥಿಯಾ ಅವನಿಗೆ, “ನಿನಗ ಕಾಲು ಐತೋ ಇಲ್ಲೋ?” ಎಂದು ಒಂದೇ ಸಲ ಕೇಳಿದ್ದು.

ಆ ವರ್ಷದ ಪ್ರದರ್ಶನಕ್ಕೆ ನುಂಜಿಯಾತಾ ಸೇರಿ ನಾವು ಮೂವರೂ ಹೆಂಗಸರು ಟಿಕೆಟ್ಟು ಕೊಂಡೇ ಹೋಗಿದ್ದೆವು. ಚಿತ್ರದ ಮುಂದೆ ಜನ ಕಿಕ್ಕಿರಿದಿದ್ದರು. ಆರ್ಡೆನ್ ನಮ್ಮನ್ನು ಕಂಡು ಗುಂಪು ಸೀಳಿಕೊಂಡು ಬಂದು, ತಮ್ಮ ಜೊತೆಯಲ್ಲಿದ್ದ ಗಣ್ಯರಿಗೆ, “ಇವರು ಬೆಥಿಯಾ ಕೇರ್ಡ್. ನಾನು ಸುಮ್ಮನಿರಬಾರದ ಕಡೆ ಸುಮ್ಮನಿದ್ದೆ, ಆದ್ರೂ ಇವರು ನನ್ನ ಕೈಬಿಡಲಿಲ್ಲ” ಎಂದರು. ‘ನೀನು’ ಹೋಗಿ ‘ಇವರು’ ಬಂದದ್ದನ್ನು ನಾನು ಗಮನಿಸಿದೆ. ಬೆಥಿಯಾ ಅವರ ಅಂಗಿಯ ಕಾಲರ್ ನೋಡುತ್ತಿದ್ದಳು. “ಗಂಜಿ ಸರಿಯಾಗಿಲ್ರಿ. ಯಾರ ಕಡೆ ಕೊಡ್ತೀರಿ ಈಗ?” ಎಂದು ಕೇಳಿದಳು. ಆ ಚಿತ್ರವನ್ನು ಉತ್ತರದ ಒಂದು ಗಿರಣಿ ಊರಿನ ನಗರಸಭೆ ಕೊಂಡು ತನ್ನ ಸಭಾಂಗಣದಲ್ಲಿ ಹಾಕಿತು.

ಹದಿನೈದು ವರ್ಷದಲ್ಲಿ ಗಾಳಿ ತಿರುಗಿತು. ಹೊಸ ಚಿತ್ರಕಾರರಿಗೆ ರೋಮ್ ಬೇಸರವಾಯಿತು. ಮಂಜು, ಸೇತುವೆ, ಹೋಟೆಲಿನ ಮೇಜು ಬರೆಯತೊಡಗಿದರು. ನಿರಿಗೆಯ ಕೆಲಸ ಕಡಿಮೆಯಾಗುತ್ತಾ ಬಂತು. ನಾನು ದಿಗಿಲುಬಿದ್ದೆ. ಬೆಥಿಯಾ ಎಪ್ಪತ್ತರ ಹತ್ತಿರ ಇದ್ದಳು, ಕಣ್ಣು ಮಂಜಾಗಿತ್ತು. “ಯಾಕ ಹೆದರ್ತಿ? ರೋಮಿನವ್ರು ಹೋದ್ರ ಹೋದ್ರು. ಇವ್ರೂ ರಾತ್ರಿ ಹೊದ್ದು ಮಲಗ್ತಾರೋ ಇಲ್ಲೋ?” ಎಂದಳು. ಆ ವರ್ಷದಿಂದ ನಾವು ಆಸ್ಪತ್ರೆಯೊಂದರ ಕಂಬಳಿ ಹಿಡಿದೆವು. ಆರು ಹೆಂಗಸರು ಸಾಲು ತೊಟ್ಟಿಗಳಲ್ಲಿ ನಿಂತು ತುಳಿಯುತ್ತಿದ್ದರು. ಹಿಡಿದುಕೊಳ್ಳಲು ತೊಟ್ಟಿಗಳ ನಡುವೆ ಸೊಂಟದೆತ್ತರದ ಇಟ್ಟಿಗೆ ಗೋಡೆ ಕಟ್ಟಿಸಿದ್ದಳು. ಅವಳು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತು, ಹೆಜ್ಜೆಯ ಸದ್ದಿನಿಂದಲೇ ಯಾರು ಕಳ್ಳಾಟ ಆಡುತ್ತಿದ್ದಾರೆಂದು ಹೇಳಿಬಿಡುತ್ತಿದ್ದಳು.